ನ್ಯಾಸಾಪಹಾರವೂ ಷೇರುದಾರನ ಹಕ್ಕೂ

ಬಾಯಿಂದ ಒಂದು ಸುಳ್ಳನ್ನೂ ಆಡದೆ ಸತ್ಯವ್ರತಕ್ಕೆ ಭಂಗ ತರಲು ಸಾಧ್ಯವೇ? ವ್ಯಾಪಾರವೃತ್ತಿಯಲ್ಲಿರುವ ಶ್ರಾವಕನಿಗೆ ಇದು ಕೇವಲ ತರ್ಕದ ಪ್ರಶ್ನೆಯಲ್ಲ, ದಿನದಿನವೂ ಗಲ್ಲಾಪೆಟ್ಟಿಗೆಯ ಮುಂದೆ ಎದುರಾಗುವ ಪ್ರಶ್ನೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ನ್ಯಾಸಾಪಹಾರವೂ ಒಂದು. ನ್ಯಾಸವೆಂದರೆ ನಂಬಿ ಒಪ್ಪಿಸಿದ ಧನ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸಿರುವ ರೀತಿ ಬಹಳ ಸೂಕ್ಷ್ಮವಾದುದು. ಒಪ್ಪಿಸಿದವನು ತಾನು ಇಟ್ಟದ್ದು ಎಷ್ಟೆಂಬುದನ್ನು ಮರೆತು ಕಡಿಮೆ ಮೊತ್ತವನ್ನು ಕೇಳುತ್ತಾನೆ. ಇಟ್ಟುಕೊಂಡವನು 'ಹಾಗೆಯೇ ಆಗಲಿ' ಎಂದು ಒಪ್ಪಿ, ಕೇಳಿದಷ್ಟನ್ನೇ ಕೊಟ್ಟು ಕಳುಹಿಸುತ್ತಾನೆ. ಇದೇ ನ್ಯಾಸಾಪಹಾರ.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಇದನ್ನು ಆಚಾರ್ಯರು ಅಚೌರ್ಯವ್ರತದ ಅತಿಚಾರಗಳ ಸಾಲಿನಲ್ಲಿ ಇಡಲಿಲ್ಲ, ಸತ್ಯವ್ರತದ ಸಾಲಿನಲ್ಲಿ ಇಟ್ಟರು. ಕಳೆದುಹೋದದ್ದು ಹಣವಾದರೂ ದೋಷ ಹುಟ್ಟಿದ್ದು ಅರಿವಿನ ವಿಷಯದಲ್ಲಿ. ಒಬ್ಬನಿಗೆ ನಿಜ ಗೊತ್ತಿದೆ, ಇನ್ನೊಬ್ಬನಿಗೆ ಗೊತ್ತಿಲ್ಲ. ಗೊತ್ತಿದ್ದವನು ಗೊತ್ತಿಲ್ಲದವನ ಅಜ್ಞಾನದಿಂದಲೇ ಲಾಭ ಪಡೆಯುತ್ತಾನೆ.

ಆಧುನಿಕ ಕಾಲದ ಸಾರ್ವಜನಿಕ ಕಂಪನಿಗಳಲ್ಲಿ ಲಕ್ಷಾಂತರ ಷೇರುದಾರರ ಸ್ಥಿತಿ ಆ ಮರೆತ ಮನುಷ್ಯನ ಸ್ಥಿತಿಯೇ ಆಗಿದೆ. ಬಂಡವಾಳ ಅವರದು, ಆದರೆ ಅದು ಇಂದು ಎಷ್ಟಾಗಿದೆ, ಎಲ್ಲಿದೆ ಎಂಬ ಅರಿವು ಆಡಳಿತ ನಡೆಸುವ ಕೆಲವರಲ್ಲಿ ಮಾತ್ರ. ವರ್ಷಕ್ಕೊಮ್ಮೆ ಆಢಾವೆ ಪತ್ರಿಕೆ ಕೈಗೆ ಬರುವುದೇನೋ ನಿಜ. ಬ್ರಿಟನ್ನಿನ 1844ರ ಕಾಯಿದೆಯ ಕಾಲದಿಂದಲೂ ಕಂಪನಿಗಳು ಸದಸ್ಯರಿಗೆ ಲೆಕ್ಕ ಒಪ್ಪಿಸಬೇಕೆಂಬ ತತ್ತ್ವ ಬೆಳೆದು ಬಂದಿದೆ. 1929ರ ಕುಸಿತದ ಬಳಿಕ ಅಮೆರಿಕದಲ್ಲಿ 1933 ಮತ್ತು 1934ರಲ್ಲಿ ಎರಡು ದೊಡ್ಡ ಕಾಯಿದೆಗಳು ಬಂದವು; ಷೇರುಪೇಟೆಯನ್ನು ನೋಡಿಕೊಳ್ಳಲು ಒಂದು ಆಯೋಗವೂ ಸ್ಥಾಪಿತವಾಯಿತು. ಆದರೆ ಎರಡು ಲೆಕ್ಕಪತ್ರಗಳ ನಡುವೆ ಅನಿರೀಕ್ಷಿತವಾದದ್ದೇನಾದರೂ ಸಂಭವಿಸಿದರೆ? ಗಣಿಯಲ್ಲಿ ನಿಧಿ ಸಿಕ್ಕಿದರೆ, ಕಾರ್ಖಾನೆ ಸುಟ್ಟುಹೋದರೆ, ಲೆಕ್ಕದಲ್ಲಿ ಮೋಸ ಕಂಡುಬಂದರೆ, ಷೇರುದಾರನಿಗೆ ಯಾವಾಗ, ಯಾರು, ಹೇಗೆ ಹೇಳಬೇಕು? ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ರೂಪುಗೊಂಡದ್ದು ಕೆನಡಾ ದೇಶದ ಕಾಡೊಂದರಲ್ಲಿ ನಡೆದ ಘಟನೆಯಿಂದ.

ಟಿಮ್ಮಿನ್ಸ್ ಕಾಡಿನ ಕೊಳವೆಬಾವಿ

ಟೆಕ್ಸಾಸ್ ಗಲ್ಫ್ ಸಲ್ಫರ್ ಎಂಬುದು ಗಂಧಕದ ವ್ಯವಹಾರ ನಡೆಸುತ್ತಿದ್ದ ಅಮೆರಿಕದ ಕಂಪನಿ. ಒಂಟಾರಿಯೋ ಪ್ರಾಂತದ ಟಿಮ್ಮಿನ್ಸ್ ಎಂಬ ಗಣಿಪಟ್ಟಣದ ಸಮೀಪ ಅದು ಲೋಹದ ಅದಿರನ್ನು ಹುಡುಕುತ್ತಿತ್ತು. 1963ರ ನವೆಂಬರ್ 8ರಂದು ಅಲ್ಲಿ ಮೊದಲ ರಂಧ್ರವನ್ನು ಕೊರೆಯಲು ಆರಂಭಿಸಿದರು. ನಾಲ್ಕು ದಿನಗಳಲ್ಲಿ ಅದು 655 ಅಡಿ ಆಳಕ್ಕೆ ಇಳಿಯಿತು. ಮೇಲೆ ಬಂದ ಕಲ್ಲಿನ ದಿಂಡನ್ನು ಕಣ್ಣಿನಿಂದ ನೋಡಿಯೇ ಭೂವಿಜ್ಞಾನಿಗಳು ಬೆರಗಾದರು. ಡಿಸೆಂಬರ್ ತಿಂಗಳಲ್ಲಿ ಬಂದ ರಾಸಾಯನಿಕ ಪರೀಕ್ಷೆಯ ವರದಿ ಅವರ ಅಂದಾಜನ್ನು ಬಹುಮಟ್ಟಿಗೆ ಸಮರ್ಥಿಸಿತು. ಶೇಕಡಾ ಎಂಟಕ್ಕೂ ಮೀರಿದ ಸತು, ಶೇಕಡಾ ಒಂದಕ್ಕೂ ಹೆಚ್ಚಿನ ತಾಮ್ರ, ಜೊತೆಗೆ ಬೆಳ್ಳಿ!

ಕಂಪನಿ ಈ ಸುದ್ದಿಯನ್ನು ಗುಟ್ಟಾಗಿ ಇಟ್ಟಿತು. ಅದಕ್ಕೆ ನ್ಯಾಯವಾದ ಕಾರಣವೂ ಇತ್ತು. ಸುತ್ತಲಿನ ಭೂಮಿ ಇನ್ನೂ ಕಂಪನಿಯ ವಶಕ್ಕೆ ಬಂದಿರಲಿಲ್ಲ. ಸುದ್ದಿ ಹಬ್ಬಿದರೆ ಬೆಲೆ ಗಗನಕ್ಕೇರುತ್ತಿತ್ತು. ಆದುದರಿಂದ ಕೊರೆದ ಸ್ಥಳವನ್ನು ಮರೆಮಾಚಿದರು. ನೋಡುವವರ ದಿಕ್ಕು ತಪ್ಪಿಸಲು ಅದಿರಿಲ್ಲದ ಕಡೆ ಇನ್ನೊಂದು ರಂಧ್ರವನ್ನೂ ಕೊರೆದರು. ಮಾರ್ಚ್ 1964ರ ಕೊನೆಯ ವೇಳೆಗೆ ಭೂಮಿಯ ಖರೀದಿ ಬಹುಪಾಲು ಮುಗಿಯಿತು. 31ರಂದು ಕೊರೆಯುವ ಕೆಲಸ ಪುನಃ ಆರಂಭವಾಯಿತು.

ಇಷ್ಟರಲ್ಲಿ ಇನ್ನೊಂದು ಖರೀದಿಯೂ ಸದ್ದಿಲ್ಲದೆ ನಡೆದಿತ್ತು. ವಿಷಯ ಬಲ್ಲ ಕೆಲವು ಅಧಿಕಾರಿಗಳೂ ನೌಕರರೂ ತಮ್ಮ ಕಂಪನಿಯ ಷೇರುಗಳನ್ನು ತಾವೇ ಕೊಳ್ಳತೊಡಗಿದ್ದರು. ಕೆಲವರು ಪರಿಚಿತರ ಕಿವಿಯಲ್ಲೂ ಊದಿದರು. ಫೆಬ್ರವರಿ 20ರಂದು ಕಂಪನಿಯು ಕೆಲವು ಅಧಿಕಾರಿಗಳಿಗೆ ನಿಗದಿತ ಬೆಲೆಯಲ್ಲಿ ಷೇರು ಕೊಳ್ಳುವ ಹಕ್ಕುಗಳನ್ನು ಹಂಚಿತು. ಪಡೆದವರಲ್ಲಿ ನಿಧಿಯ ಸುದ್ದಿ ತಿಳಿದಿದ್ದವರೂ ಇದ್ದರು. ಹಕ್ಕು ಹಂಚಿದ ಸಮಿತಿಗೆ ಅವರು ಏನನ್ನೂ ಹೇಳಲಿಲ್ಲ. ಮೊದಲ ರಂಧ್ರ ಮುಗಿದಾಗ ಷೇರಿನ ಬೆಲೆ ಸುಮಾರು 17 ಡಾಲರ್ ಇತ್ತು. ಆ ಬೆಲೆಗೆ ಮಾರಿದವರೆಲ್ಲ ಇದೇ ಕಂಪನಿಯ ಷೇರುದಾರರೇ. ಅವರು ಕೇಳಿದ ಬೆಲೆ ಅವರಿಗೆ ಸಿಕ್ಕಿತು. ಇಟ್ಟದ್ದನ್ನು ಮರೆತವನಿಗೂ ಕೇಳಿದ್ದು ಸಿಕ್ಕಿತ್ತಲ್ಲವೇ!

ಏಪ್ರಿಲ್ 11ರ ಶನಿವಾರ ನ್ಯೂಯಾರ್ಕಿನ ಪತ್ರಿಕೆಗಳು ಭಾರಿ ನಿಧಿಯ ವದಂತಿಯನ್ನು ಪ್ರಕಟಿಸಿದವು. ಮರುದಿನ, ಭಾನುವಾರ, ಕಂಪನಿ ಒಂದು ಹೇಳಿಕೆ ನೀಡಿತು. ವದಂತಿಗಳು ಅತಿಶಯೋಕ್ತಿಯವು, ಈವರೆಗಿನ ಕೆಲಸದಿಂದ ಖಚಿತವಾದ ನಿರ್ಣಯಕ್ಕೆ ಬರಲಾಗದು, ಗಾತ್ರದ ಬಗ್ಗೆ ಈಗಲೇ ಮಾತನಾಡುವುದು ಅಕಾಲಿಕ ಎಂಬುದು ಅದರ ಸಾರ. ಬಿಡಿಬಿಡಿಯಾಗಿ ನೋಡಿದರೆ ಎಚ್ಚರಿಕೆಯ ಮಾತುಗಳು. ಒಟ್ಟಾಗಿ ಓದಿದವನಿಗೆ ಅಲ್ಲಿ ಹೇಳಿಕೊಳ್ಳುವಂಥದು ಏನೂ ಇಲ್ಲವೆಂಬ ಭಾವ. ನಾಲ್ಕೇ ದಿನಗಳ ನಂತರ, ಏಪ್ರಿಲ್ 16ರ ಬೆಳಿಗ್ಗೆ 10 ಗಂಟೆಗೆ, ಅದೇ ಕಂಪನಿ ಪತ್ರಕರ್ತರನ್ನು ಕರೆದು ಕನಿಷ್ಠ 2.5 ಕೋಟಿ ಟನ್ ಅದಿರು ಸಿಕ್ಕಿದೆಯೆಂದು ಘೋಷಿಸಿತು. ಅಂದು ಷೇರಿನ ಬೆಲೆ 36 ಡಾಲರ್ ಮುಟ್ಟಿತು. ಮೇ ತಿಂಗಳ ಮಧ್ಯಕ್ಕೆ 58 ಡಾಲರ್ ದಾಟಿತು. ಭಾನುವಾರದ ಹೇಳಿಕೆಯನ್ನು ನಂಬಿ ಸೋಮವಾರ 30-31 ಡಾಲರಿಗೆ ಮಾರಿ ಮನೆಗೆ ಹೋದವರ ಮನಸ್ಸು ಏನಾಗಿರಬೇಡ!

ಅದೇ ಕಾಡು, ಅದೇ ಬೇಸಗೆ

ಈ ಕಥೆಗೆ ಒಂದು ವಿಪರೀತ ಪ್ರತಿಬಿಂಬವೂ ಇದೆ. ಟಿಮ್ಮಿನ್ಸ್ ನಿಧಿಯ ಸುದ್ದಿಯಿಂದ ಜನ ಹುಚ್ಚೆದ್ದಿದ್ದ ಅದೇ 1964ರ ಜುಲೈ ತಿಂಗಳಲ್ಲಿ, ಸಮೀಪದಲ್ಲೇ ವಿಂಡ್‌ಫಾಲ್ ಎಂಬ ಸಣ್ಣ ಕಂಪನಿ ರಂಧ್ರ ಕೊರೆಯುತ್ತಿತ್ತು. ಮೂರನೆಯ ತಾರೀಖು, 530 ಅಡಿ ಆಳದಲ್ಲಿ, ಕೆಲಸ ಹಠಾತ್ತನೆ ನಿಂತಿತು. ನಿಂತದ್ದೇಕೆ? ಏನೋ ಸಿಕ್ಕಿರಬೇಕು ಎಂದು ಜನ ಊಹಿಸಿದರು. ಕೆಲವೇ ಸೆಂಟುಗಳ ಬೆಲೆಯ ಷೇರು ಮೂರು ವಾರಗಳೊಳಗೆ ಐದು ಡಾಲರ್ ದಾಟಿತು. ಕಂಪನಿ ಸ್ಪಷ್ಟವಾಗಿ ಏನನ್ನೂ ಹೇಳಲಿಲ್ಲ. ಜುಲೈ 30ರಂದು ಕೊನೆಗೂ ಸತ್ಯ ಹೊರಬಿತ್ತು. ಲಾಭದಾಯಕವಾದ ಅದಿರು ಅಲ್ಲಿ ಇರಲೇ ಇಲ್ಲ. ಮರುದಿನ ಬೆಲೆ ಒಂದು ಡಾಲರಿಗಿಂತಲೂ ಕೆಳಗೆ ಬಿದ್ದಿತು. ಸಾಲ ಮಾಡಿ ಕೊಂಡಿದ್ದ ಸಾಮಾನ್ಯ ಜನ ಬೀದಿಪಾಲಾದರು. ಕಂಪನಿಯ ಮುಖ್ಯಸ್ಥರು ಈ ಪ್ರಕರಣದ ವಂಚನೆಯ ಆರೋಪದಿಂದ ಮುಂದೆ ಬಿಡುಗಡೆ ಹೊಂದಿದರಾದರೂ, ನ್ಯಾಯಮೂರ್ತಿ ಆರ್ಥರ್ ಕೆಲ್ಲಿಯವರ ವಿಚಾರಣಾ ಆಯೋಗ 1965ರಲ್ಲಿ ಕೊಟ್ಟ ವರದಿಯ ಬೆಳಕಿನಲ್ಲಿ ಒಂಟಾರಿಯೋ ಸರ್ಕಾರ 1966ರಲ್ಲಿ ತನ್ನ ಷೇರು ಕಾಯಿದೆಯನ್ನು ಬಿಗಿಗೊಳಿಸಿತು.

ಒಂದೆಡೆ ನಿಧಿ ಇದ್ದೂ ಮೌನ. ಇನ್ನೊಂದೆಡೆ ನಿಧಿ ಇಲ್ಲದೆಯೂ ಮೌನ. ಮೊದಲನೆಯದರಿಂದ ಮಾರಿದವರು ಕೆಟ್ಟರು, ಎರಡನೆಯದರಿಂದ ಕೊಂಡವರು ಕೆಟ್ಟರು. ಮೌನವು ತನ್ನಷ್ಟಕ್ಕೆ ವ್ರತವೂ ಅಲ್ಲ, ದೋಷವೂ ಅಲ್ಲ. ಆ ಮೌನದ ಹಿಂದೆ ಯಾರ ಕೈ ಏನನ್ನು ಮಾಡುತ್ತಿದೆ ಎಂಬುದರ ಮೇಲೆ ಅದರ ಪಾಪಪುಣ್ಯ ನಿಂತಿದೆ.

ನ್ಯಾಯಾಲಯ ಕಂಡ ಧರ್ಮಸೂಕ್ಷ್ಮ

ಅಮೆರಿಕದ ಆಯೋಗವು 1965ರ ಏಪ್ರಿಲಿನಲ್ಲಿ ಟೆಕ್ಸಾಸ್ ಗಲ್ಫ್ ಕಂಪನಿಯ ಮೇಲೂ ಅಧಿಕಾರಿಗಳ ಮೇಲೂ ದಾವೆ ಹೂಡಿತು. ಕೆಳ ನ್ಯಾಯಾಲಯ 1966ರಲ್ಲಿ ಬಹುತೇಕ ಎಲ್ಲರನ್ನೂ ಬಿಟ್ಟಿತು. ಒಂದೇ ರಂಧ್ರದಿಂದ ಗಣಿಯನ್ನು ನಿರ್ಣಯಿಸಲಾಗದು, ಆದುದರಿಂದ ಅದು ಮಹತ್ವದ ಸುದ್ದಿಯಲ್ಲ ಎಂಬುದು ಅದರ ತರ್ಕ. ಮೇಲ್ಮನವಿ ನ್ಯಾಯಾಲಯವು 1968ರ ಆಗಸ್ಟ್ 13ರಂದು ಈ ತರ್ಕವನ್ನು ತಳ್ಳಿಹಾಕಿತು. ಆ ತೀರ್ಪಿನಿಂದ ಗ್ರಹಿಸಬೇಕಾದ ಅಂಶಗಳು ನಾಲ್ಕು.

ಮೊದಲನೆಯದು, ಸುದ್ದಿ ಮಹತ್ವದ್ದೋ ಅಲ್ಲವೋ ಎಂಬುದಕ್ಕೆ ಅರಿತವರ ನಡತೆಯೇ ಸಾಕ್ಷಿ. ಒಂದು ರಂಧ್ರದಿಂದ ಏನೂ ತಿಳಿಯದೆಂದು ವಾದಿಸಿದವರೇ ಅದನ್ನು ಕಂಡ ಮೇಲೆ ಷೇರು ಕೊಳ್ಳಲು ಓಡಿದ್ದರು. ಬಾಯಿ ಹೇಳಿದ್ದನ್ನು ಕೈ ಸುಳ್ಳು ಮಾಡಿತ್ತು.

ಎರಡನೆಯದು, ಗುಟ್ಟು ಕಾಯುವುದು ತಪ್ಪಲ್ಲ. ಭೂಮಿ ಕೊಳ್ಳುವವರೆಗೆ ಸುಮ್ಮನಿರಲು ಕಂಪನಿಗೆ ಅಧಿಕಾರವಿತ್ತು, ಆ ಮೌನದಿಂದ ಬಂದ ಲಾಭವೂ ಎಲ್ಲ ಷೇರುದಾರರದೇ. ಆದರೆ ಗುಟ್ಟು ಬಲ್ಲವನು ಆ ಅವಧಿಯಲ್ಲಿ ತನಗಾಗಿ ವ್ಯಾಪಾರ ಮಾಡಕೂಡದು. ಹೇಳು, ಇಲ್ಲವೇ ಕೈಕಟ್ಟಿ ಕುಳಿತುಕೋ; ಮೂರನೆಯ ದಾರಿಯಿಲ್ಲ. ನಮ್ಮ ಆಚಾರ್ಯರ ಸಮತೋಲವೂ ಇದೇ. ಪರರ ರಹಸ್ಯವನ್ನು ಬಯಲು ಮಾಡುವ ರಹೋಭ್ಯಾಖ್ಯಾನ ಮತ್ತು ಸಾಕಾರಮಂತ್ರಭೇದಗಳನ್ನು ದೋಷವೆಂದ ಅದೇ ಸೂತ್ರ ನ್ಯಾಸಾಪಹಾರವನ್ನೂ ದೋಷವೆಂದಿತು.

ಮೂರನೆಯದು, ಹೇಳಿದರೆ ಸಾಲದು, ಹೇಳಿದ್ದು ತಲುಪಬೇಕು. ಏಪ್ರಿಲ್ 16ರ ಸಭೆಯಲ್ಲಿ ಘೋಷಣೆ ಓದಿ ಮುಗಿದ ಕೆಲವೇ ನಿಮಿಷಗಳಲ್ಲಿ ನಿರ್ದೇಶಕರೊಬ್ಬರು ದೂರವಾಣಿಯ ಬಳಿಗೆ ಹೋಗಿ ಷೇರು ಕೊಳ್ಳಲು ತಿಳಿಸಿದರು. ಆ ಸುದ್ದಿ ಪೇಟೆಯ ಪ್ರಮುಖ ತಂತಿವಾರ್ತೆಯಲ್ಲಿ ಮೂಡಿದ್ದು 10 ಗಂಟೆ 54 ನಿಮಿಷಕ್ಕೆ. ಸುದ್ದಿ ಸಾಮಾನ್ಯನಿಗೆ ಮುಟ್ಟಬಹುದಾದ ಹೊತ್ತಿನವರೆಗೆ ಅವರು ಕಾಯಬೇಕಾಗಿತ್ತು ಎಂದಿತು ನ್ಯಾಯಾಲಯ. ಅರ್ಧ ಗಂಟೆಯ ಅವಸರವೂ ಅಪರಾಧವಾಯಿತು.

ನಾಲ್ಕನೆಯದು, ಅರೆಸತ್ಯದ ಹೇಳಿಕೆ. ಭಾನುವಾರದ ಪ್ರಕಟಣೆಯ ಪ್ರಶ್ನೆಯನ್ನು ಪುನಃ ವಿಚಾರಿಸುವಂತೆ ಮೇಲಿನ ನ್ಯಾಯಾಲಯ ಆದೇಶಿಸಿತು. 1970ರಲ್ಲಿ ಕೆಳ ನ್ಯಾಯಾಲಯವು ಅದು ದಾರಿ ತಪ್ಪಿಸುವಂಥದೆಂದೇ ತೀರ್ಮಾನಿಸಿತು.

ಇಂದು ಜಗತ್ತಿನ ಷೇರುಪೇಟೆಗಳ ನಿಯಮಗಳಲ್ಲಿ ಇದೇ ತತ್ತ್ವಗಳು ಹರಿದಿವೆ. ಅಮೆರಿಕದಲ್ಲಿ 2004ರಿಂದ ಬಹುಪಾಲು ಮಹತ್ವದ ಘಟನೆಗಳನ್ನು ನಾಲ್ಕು ವ್ಯವಹಾರ ದಿನಗಳೊಳಗೆ ತಿಳಿಸಬೇಕಾಗಿದೆ. ನಮ್ಮ ದೇಶದಲ್ಲಿ 1992ರಲ್ಲಿ ಸೆಬಿ ಸಂಸ್ಥೆಗೆ ಶಾಸನಬದ್ಧ ಅಧಿಕಾರ ದೊರೆಯಿತು. ಅದೇ ವರ್ಷ ಒಳಗಿನವರ ವ್ಯಾಪಾರವನ್ನು ನಿಷೇಧಿಸುವ ನಿಯಮಗಳೂ ಬಂದವು. 2015ರ ನಿಯಮಾವಳಿಯ 30ನೆಯ ನಿಯಮ ಮಹತ್ವದ ಘಟನೆಗಳ ಪ್ರಕಟಣೆಯನ್ನು ಕಡ್ಡಾಯಗೊಳಿಸಿತು. 2023ರ ತಿದ್ದುಪಡಿಯಂತೆ ನಿರ್ದೇಶಕ ಮಂಡಳಿಯ ನಿರ್ಣಯವನ್ನು ಸಭೆ ಮುಗಿದ 30 ನಿಮಿಷಗಳಲ್ಲಿ, ಕಂಪನಿಯ ಒಳಗಿನಿಂದಲೇ ಹುಟ್ಟಿದ ಘಟನೆಯನ್ನು 12 ಗಂಟೆಗಳಲ್ಲಿ, ಹೊರಗಿನಿಂದ ಬಂದೊದಗಿದ್ದನ್ನು 24 ಗಂಟೆಗಳಲ್ಲಿ ತಿಳಿಸಬೇಕು. ಪೇಟೆಯ ವಹಿವಾಟು ಮುಗಿದ ಮೇಲೆ ಸಭೆ ಮುಗಿದರೆ 30 ನಿಮಿಷಗಳ ಬದಲು 3 ಗಂಟೆಗಳ ಅವಕಾಶವನ್ನು 2024ರಲ್ಲಿ ಕೊಡಲಾಯಿತು. ದೊಡ್ಡ ಕಂಪನಿಗಳು ತಮ್ಮ ಬಗೆಗಿನ ಮಹತ್ವದ ವದಂತಿಯನ್ನು ಒಪ್ಪಬೇಕು, ನಿರಾಕರಿಸಬೇಕು, ಇಲ್ಲವೇ ಸ್ಪಷ್ಟಪಡಿಸಬೇಕೆಂಬ ಕಟ್ಟಳೆಯೂ 2024ರಲ್ಲಿ ಜಾರಿಗೆ ಬಂದಿತು.

ಆಲೋಚನೆಯ ಹತ್ತು ದೋಷಗಳು

ನಿಯಮಗಳು ಗಂಟೆಗಳನ್ನು ಎಣಿಸಬಲ್ಲವು, ಭಾವವನ್ನು ಎಣಿಸಲಾರವು. ಭಾವದ ಪರೀಕ್ಷೆಗೆ ನಾವು ನಮ್ಮ ಶಾಸ್ತ್ರಕ್ಕೇ ಬರಬೇಕು. ಮುನಿಯು ತನ್ನಿಂದಾದ ದೋಷವನ್ನು ಗುರುವಿನ ಮುಂದೆ ನಿವೇದಿಸುವುದಕ್ಕೆ ಆಲೋಚನೆ ಎಂದು ಹೆಸರು. ಕನ್ನಡಿಗರಿಗೆ ವಡ್ಡಾರಾಧನೆಯ ಸಂಬಂಧದಿಂದ ಪರಿಚಿತವಾದ ಶಿವಾರ್ಯರ ಭಗವತೀ ಆರಾಧನೆಯು ಈ ನಿವೇದನೆಗೆ ಅಂಟುವ ಹತ್ತು ದೋಷಗಳನ್ನು ಹೇಳುತ್ತದೆ. ಅವುಗಳಲ್ಲಿ ಕೆಲವನ್ನು ಇಂದಿನ ಕಂಪನಿಗಳ ಪ್ರಕಟಣೆಗಳೊಡನೆ ಇಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ.

ಇತರರು ಕಂಡದ್ದನ್ನು ಮಾತ್ರ ಒಪ್ಪಿಕೊಂಡು ಕಾಣದ್ದನ್ನು ಬಚ್ಚಿಡುವುದು ಯದ್ದೃಷ್ಟ ದೋಷ. ಪತ್ರಿಕೆಯಲ್ಲಿ ಬಂದಷ್ಟನ್ನೇ ಒಪ್ಪುವ ಕಂಪನಿಗೆ ಇದು ಸಲ್ಲುತ್ತದೆ. ಸ್ಥೂಲವಾದುದನ್ನು ಹೇಳಿ ಸೂಕ್ಷ್ಮವಾದುದನ್ನು ಮರೆಸುವುದು ಬಾದರ. ಸಣ್ಣದನ್ನು ಹೇಳಿಕೊಂಡು ದೊಡ್ಡದನ್ನು ಮುಚ್ಚುವುದು ಸೂಕ್ಷ್ಮ. ಎಲ್ಲರೂ ಗದ್ದಲದಲ್ಲಿರುವಾಗ ಗುರುವಿಗೆ ಕೇಳಿಸದಂತೆ ನಿವೇದಿಸುವುದು ಶಬ್ದಾಕುಲಿತ. ಕೆಟ್ಟ ಸುದ್ದಿಯನ್ನು ಹಬ್ಬದ ಹಿಂದಿನ ಸಂಜೆಯೋ, ನೂರು ಪುಟಗಳ ವರದಿಯ ಕೊನೆಯ ಟಿಪ್ಪಣಿಯಲ್ಲೋ ಪ್ರಕಟಿಸುವವರು ಆಚಾರ್ಯರ ಈ ಮಾತನ್ನು ಕೇಳಬೇಕು. ಹೇಳಿದರೂ ಕೇಳಿಸದಂತೆ ಹೇಳಿದ್ದು ಹೇಳಿದಂತಲ್ಲ.

ಇವೆಲ್ಲಕ್ಕೂ ಮೂಲವಾದದ್ದು ಕಾಲಹರಣ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು ಮಂಡಳಿಗೆ ಬರೆದ ಪತ್ರ ಹೊರಬಿದ್ದಾಗ, ಲೆಕ್ಕಪತ್ರದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲವೆಂದು ದೇಶಕ್ಕೆ ತಿಳಿಯಿತು. ಒಂದೇ ದಿನದಲ್ಲಿ ಷೇರಿನ ಮುಕ್ಕಾಲು ಬೆಲೆ ಕರಗಿತು. ಸಣ್ಣದಾಗಿ ಹುಟ್ಟಿದ ಅಂತರ ವರ್ಷವರ್ಷಕ್ಕೂ ಬೆಳೆದು ಕೈಮೀರಿತೆಂದು ಆ ಪತ್ರವೇ ಹೇಳಿತು. ಮೊದಲ ವರ್ಷವೇ ಹೇಳಿದ್ದರೆ ಅದು ಒಂದು ಕೆಟ್ಟ ವರ್ಷದ ಸುದ್ದಿಯಾಗಿ ಮುಗಿಯುತ್ತಿತ್ತು. ಕೂಟಲೇಖಕ್ರಿಯೆ, ಅಂದರೆ ಸುಳ್ಳು ದಾಖಲೆಯ ರಚನೆ, ಮೌನದಿಂದ ಹುಟ್ಟುವ ಮಗು.

ನನ್ನದೊಂದು ಲೆಕ್ಕ

ಪರರ ದೋಷಗಳನ್ನು ಇಷ್ಟು ಎಣಿಸಿದ ಮೇಲೆ ನನ್ನದೊಂದನ್ನು ಹೇಳದೆ ಇರುವುದು ಬಾದರ ದೋಷವಾದೀತು. 1983ರ ಮಾತು. ಬಿ.ಕಾಂ. ಮುಗಿಸಿ ತಂದೆಯವರ ಮಂಡಿಯಲ್ಲಿ ಕುಳಿತು ಎರಡು ವರ್ಷವಾಗಿತ್ತು. ಒಂದು ಬೆಳಿಗ್ಗೆ ಮುಂಬಯಿಯಿಂದ ಟ್ರಂಕ್ ಕರೆ ಬಂದು ಮೆಣಸಿನ ಧಾರಣೆ ಏರಿದ ಸುದ್ದಿ ತಿಳಿಯಿತು. ಸ್ವಲ್ಪ ಹೊತ್ತಿಗೆ ಮಲೆನಾಡಿನ ರೈತರೊಬ್ಬರು ಮೂರು ಮೂಟೆ ಮೆಣಸು ತಂದು, 'ಇವತ್ತಿನ ಧಾರಣೆ ಏನು?' ಎಂದು ಕೇಳಿದರು. ನಾನು ಹಲಗೆಯ ಕಡೆಗೆ ಕೈ ತೋರಿಸಿದೆ. ಅದರಲ್ಲಿ ಹಿಂದಿನ ದಿನದ ಅಂಕಿಯಿತ್ತು. ಅವರು ಒಪ್ಪಿದರು, ನಾನು ಕೊಂಡೆ. ಒಂದು ಸುಳ್ಳನ್ನೂ ಆಡಲಿಲ್ಲ.

ರಾತ್ರಿ ಲೆಕ್ಕ ನೋಡುವಾಗ ತಂದೆಯವರು ಕೇಳಿದ್ದು ಒಂದೇ ಮಾತು: 'ಕರೆ ಬಂದದ್ದು ಎಷ್ಟು ಹೊತ್ತಿಗೆ?' ಉತ್ತರ ಕೇಳಿ ಅವರು ಪುಸ್ತಕ ಮುಚ್ಚಿ ಎದ್ದರು. ವ್ಯತ್ಯಾಸದ ಹಣವನ್ನು ಕೊಟ್ಟುಬಿಡಬೇಕೆಂದು ನಾನು ಆಗಾಗ ಅಂದುಕೊಂಡೆ. ಆ ರೈತರು ಆಮೇಲೂ ಎಷ್ಟೋ ವರ್ಷ ನಮ್ಮ ಮಂಡಿಗೇ ಬಂದರು, ಯಾಕೆಂದರೆ ನಂಬಿಕೆ ಇತ್ತು. ಹೇಳಲು ಪ್ರತಿವರ್ಷವೂ ಅವಕಾಶವಿತ್ತು, ಪ್ರತಿವರ್ಷವೂ ಅದು ಹಿಂದಿನ ವರ್ಷಕ್ಕಿಂತ ಕಷ್ಟವಾಯಿತು. ಈಗ ಅವರಿಲ್ಲ. ಇಲ್ಲಿ ಬರೆಯುತ್ತಿರುವುದು ಆಲೋಚನೆಯೇ ಹೌದಾದರೂ, ಕೇಳಬೇಕಾಗಿದ್ದವರಿಗೆ ತಲುಪದ ಆಲೋಚನೆ. ಸತ್ಯಂ ಪತ್ರದ ಸುದ್ದಿಯನ್ನು ಓದಿದಾಗ ಎಲ್ಲರಂತೆ ನಾನೂ ಬೈದೆ; ಆದರೆ ತಡಮಾಡುವವನ ಮನಸ್ಸು ಹೇಗೆ ಕೆಲಸ ಮಾಡುತ್ತದೆಂಬುದು ನನಗೆ ಹೊಸದೇನೂ ಆಗಿರಲಿಲ್ಲ.

ನಮ್ಮ ಬಸದಿಗಳ ಟ್ರಸ್ಟುಗಳಿಗೆ ಷೇರುಪೇಟೆಯ ಈ ನಿಯಮಗಳು ಅನ್ವಯಿಸವು. ಆದರೆ ಅಲ್ಲಿರುವುದೂ ನ್ಯಾಸವೇ, ಅದೂ ದೇವರ ಹೆಸರಿನಲ್ಲಿ ಒಪ್ಪಿಸಿದ ನ್ಯಾಸ. ಠೇವಣಿ ಇಟ್ಟ ಸಹಕಾರ ಸಂಘ ಮುಳುಗಿದಾಗ, ಬೆಳ್ಳಿಯ ಪ್ರಭಾವಳಿ ಕಳುವಾದಾಗ, ಜೀರ್ಣೋದ್ಧಾರದ ಅಂದಾಜು ಇಮ್ಮಡಿಯಾದಾಗ, 'ಸಮಾಜದಲ್ಲಿ ಗೊಂದಲವಾಗುವುದು ಬೇಡ' ಎಂದು ಮುಂದಿನ ವಾರ್ಷಿಕ ಸಭೆಯವರೆಗೆ ಸುಮ್ಮನಿರುವ ವಾಡಿಕೆ ನಮ್ಮಲ್ಲಿ ಇಲ್ಲವೇ? ಬಸದಿಯ ಪಕ್ಕದಲ್ಲಿ ರಸ್ತೆ ಬರುವ ವಿಷಯ ಟ್ರಸ್ಟಿನ ಸಭೆಯಲ್ಲಿ ತಿಳಿದು, ಅಕ್ಕಪಕ್ಕದ ನಿವೇಶನವನ್ನು ತಾವೇ ಕೊಂಡವರ ಕಥೆಗಳನ್ನು ನಾವು ಕೇಳಿಲ್ಲವೇ?

ಮೂರು ಕಟ್ಟುಗಳನ್ನು ಹಾಕಿಕೊಂಡರೆ ಸಾಕು. ಅನಿರೀಕ್ಷಿತವಾದದ್ದು ಸಂಭವಿಸಿದಾಗ, ಅದು ಮೊದಲು ಯಾರಿಗೆ, ಯಾವ ದಿನ, ಯಾವ ಹೊತ್ತಿಗೆ ತಿಳಿಯಿತೆಂಬುದನ್ನು ನಡವಳಿ ಪುಸ್ತಕದಲ್ಲಿ ಬರೆದಿಡುವುದು. ಗೊತ್ತಿರುವುದಿಷ್ಟು, ಇನ್ನೂ ಗೊತ್ತಾಗದಿರುವುದಿಷ್ಟು ಎಂದು ಬೇರ್ಪಡಿಸಿ, ಆ ವಾರದೊಳಗೆ ಬಸದಿಯ ಫಲಕದಲ್ಲಿ ಹಾಕುವುದು. ಹೇಳುವ ತನಕ, ತಿಳಿದವರು ಯಾರೂ ಆ ವಿಷಯಕ್ಕೆ ಸಂಬಂಧಿಸಿದ ಕೊಡುಕೊಳ್ಳುವಿಕೆಯನ್ನು ಸ್ವಂತಕ್ಕೆ ಮಾಡದಿರುವುದು.

ಇವುಗಳಲ್ಲಿ ಮೊದಲನೆಯದೇ ಉಳಿದೆರಡಕ್ಕೂ ಆಧಾರ. ತಿಳಿದ ಹೊತ್ತನ್ನು ಬರೆದಿಟ್ಟವನಿಗೆ ತಡಮಾಡುವುದು ಸುಲಭವಲ್ಲ. ಕರೆ ಬಂದದ್ದು ಎಷ್ಟು ಹೊತ್ತಿಗೆ ಎಂದು ಯಾರಾದರೂ ಒಂದು ದಿನ ಕೇಳಿಯೇ ಕೇಳುತ್ತಾರೆ.